ಸಂಕಪ್ಪ ಶೆಟ್ಟರ ಎರಡು ಬಾಗಿಲಿನ ಕಾರು

ಪುಣೆಯ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ವೇಣೂರಿನಲ್ಲಿ ನೆಲೆಸಿದ ಸಂಕಪ್ಪ ಶೆಟ್ಟರ ಬಳಿ ಮೊದಲು ಏಳು ಸೀಟಿನ ದೊಡ್ಡ ಕಾರಿತ್ತು. ದುಬೈಯಿಂದ ಇಳಿದವರನ್ನು ವಿಮಾನ ನಿಲ್ದಾಣದಿಂದ ತರಲು, ಬಾಣಂತಿಯನ್ನು ತವರಿಗೆ ಮುಟ್ಟಿಸಲು, ಉತ್ತರಕ್ರಿಯೆಯ ಊಟಕ್ಕೆ ಹೋಗಲು ನೆಂಟರಿಗೆಲ್ಲ ಅದೇ ಬೇಕು. ಶೆಟ್ಟರು ಯಾರಿಗೂ ಇಲ್ಲ ಎಂದವರಲ್ಲ. ಹಾಗೆಂದು ಉದಾರಿಗಳೂ ಅಲ್ಲ. ಎದುರಿಗೆ ಇಲ್ಲ ಎನ್ನುವ ಧೈರ್ಯ ಅವರಿಗಿರಲಿಲ್ಲ, ಅಷ್ಟೆ. ಕೊಡುವಾಗ ನಗುತ್ತಿದ್ದರು, ಆಮೇಲೆ ವಾರವಿಡೀ ಹೆಂಡತಿ ಪ್ರಫುಲ್ಲಾಳ ಮುಂದೆ ಗೊಣಗುತ್ತಿದ್ದರು.

ಕೊನೆಗೆ ಇಲ್ಲ ಎನ್ನುವ ಕೆಲಸವನ್ನು ಅವರು ಕಾರಿಗೇ ವಹಿಸಿದರು. ದೊಡ್ಡದನ್ನು ಮಾರಿ, ಕೆಂಪು ಬಣ್ಣದ ಸಣ್ಣ ಸ್ಪೋರ್ಟ್ಸ್ ಕೂಪೆಯೊಂದನ್ನು ತಂದರು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಹಿಂದೆ ಸೀಟು ಎಂಬ ಹೆಸರಿನಲ್ಲಿ ಒಂದು ಮೆತ್ತೆ ಇತ್ತು. ಅಲ್ಲಿ ತೆಂಗಿನಕಾಯಿ ಇಡಬಹುದಿತ್ತು, ಅದೂ ಸುಲಿದದ್ದು.

ಮೊದಲ ತಿಂಗಳು ಶೆಟ್ಟರು ನಿಜಕ್ಕೂ ಸುಖಪಟ್ಟರು. ಬೆಳಿಗ್ಗೆ ಮೂಡಬಿದಿರೆಗೆ ಹೋಗಿ ಒಂದು ಚಹಾ ಕುಡಿದು ಬರುವರು. ತಿರುವಿನಲ್ಲಿ ಕಾರು ಹಾವಿನಂತೆ ಹೊರಳುವಾಗ ತಲೆಯ ಮೇಲಿನ ನರೆಗೂದಲು ಕಪ್ಪಾದಂತೆ ಅನಿಸುತ್ತಿತ್ತು. ಒಂದು ದಿನ ಬಸ್ ನಿಲ್ದಾಣದಲ್ಲಿ ನೆರೆಮನೆಯ ಕೂಸಪ್ಪ ಕೈ ಅಡ್ಡ ಹಿಡಿದ.

"ಜಾಗ ಇಲ್ಲ ಮಾರಾಯ, ನೀನೇ ನೋಡು" ಎಂದರು ಶೆಟ್ಟರು.

ಕೂಸಪ್ಪ ಬಗ್ಗಿ ನೋಡಿದ. ಪಕ್ಕದ ಸೀಟಿನಲ್ಲಿ ಶೆಟ್ಟರ ಮಡಚಿದ ಅಂಗಿಯೊಂದಿತ್ತು.

"ಹೌದು, ಇಸ್ತ್ರಿ ಹಾಳಾಗ್ತದೆ. ನೀವು ಹೋಗಿ" ಎಂದು ಅವನು ಹಿಂದೆ ಸರಿದ. ಶೆಟ್ಟರು ಅದನ್ನು ಸೌಜನ್ಯವೆಂದೇ ತಿಳಿದು ಮುಂದೆ ಹೋದರು.

ಪ್ರಫುಲ್ಲಾಳಿಗೆ ಮೊಣಕಾಲು ನೋವು. "ಈ ಕಾರಲ್ಲಿ ಕೂತುಕೊಳ್ಳುದಲ್ಲ, ಬೀಳುದು" ಎನ್ನುತ್ತಿದ್ದಳು. ಬಿದ್ದ ಮೇಲೆ ಏಳಲು ಶೆಟ್ಟರು ಸುತ್ತ ಬಂದು ಎರಡೂ ಕೈ ಹಿಡಿದು ಎಳೆಯಬೇಕು. ಬೆಳುವಾಯಿಯ ಒಂದು ನಿಶ್ಚಿತಾರ್ಥದ ಮನೆಯಂಗಳದಲ್ಲಿ ಹೀಗೆ ಎಳೆಯುವಾಗ ಹೆಂಗಸರೆಲ್ಲ ಸೆರಗಿನ ಮರೆಯಲ್ಲಿ ನಕ್ಕರು. ಅಂದಿನಿಂದ ಅವಳು ಬಸ್ಸಿನಲ್ಲೇ ಓಡಾಡತೊಡಗಿದಳು. ಶೆಟ್ಟರಿಗೆ ಕಾರು ಇನ್ನಷ್ಟು ವಿಶಾಲವಾಯಿತು.

ಅಷ್ಟರಲ್ಲಿ ಅಕ್ಕನ ಮಗ ಭವಿತ್ ಸುರಕ್ಷಾಳೊಂದಿಗಿನ ತನ್ನ ಮದುವೆಗೆಂದು ಅಬುಧಾಬಿಯಿಂದ ಬಂದ. ಸೋದರಮಾವನ ಕಾರಿನ ಸುತ್ತ ಎರಡು ಸುತ್ತು ಬಂದು ಕೇಳಿದ: "ಮಾವ, ಹಾಲ್‌ನಿಂದ ಮನೆಗೆ ನಾವು ಇದರಲ್ಲೇ ಬರುವ ಅಂತ. ಆಗ್ಬಹುದಾ?"

ಜಾಗವಿಲ್ಲ ಎನ್ನಲು ಶೆಟ್ಟರು ಬಾಯಿ ತೆರೆದರು. ಆದರೆ ಮದುಮಕ್ಕಳು ಇಬ್ಬರೇ, ಸೀಟುಗಳೂ ಎರಡೇ.

"ಕಾರು ನಾನೇ ಬಿಡ್ತೇನೆ" ಎಂದರು.

"ನೀವು ಬಿಟ್ಟರೆ ಸುರಕ್ಷಾ ಎಲ್ಲಿ ಕೂರುದು? ನಾನೇ ಬಿಡ್ತೇನೆ ಮಾವ. ನಿಮಗೆ ಬಸ್ಸು ಉಂಟಲ್ಲ."

ಮದುವೆಯ ದಿನ ಮೂಡಬಿದಿರೆಯ ಮದುವೆ ಹಾಲ್‌ನ ಮುಂದಿನಿಂದ ಮಲ್ಲಿಗೆ ಮಾಲೆ ಹೊತ್ತು ಕೂಪೆ ಹೊರಟಿತು. ಶೆಟ್ಟರು ದಿಬ್ಬಣದ ಬಸ್ಸಿನಲ್ಲಿ, ಮೂವರ ಸೀಟಿನ ನಡುವೆ, ತೊಡೆಯ ಮೇಲೆ ಯಾರದೋ ಮಗುವನ್ನಿಟ್ಟುಕೊಂಡು ಕುಳಿತರು. ಪ್ರತಿ ಹಂಪ್ ಬಂದಾಗಲೂ ಅವರು ಸೊಂಟ ಮೇಲೆತ್ತುತ್ತಿದ್ದರು, ಮುಂದೆ ಹೋಗುತ್ತಿರುವ ಕಾರಿಗೆ ಅದರಿಂದ ಏನೋ ಸಹಾಯವಾಗುತ್ತದೆ ಎಂಬಂತೆ. ಎದುರಿನ ಸೀಟಿನಲ್ಲಿದ್ದ ಪ್ರಫುಲ್ಲಾ ಚಕ್ಕುಲಿ ಜಗಿಯುತ್ತ ಅದನ್ನು ನೋಡಿದಳು.

ಅಕ್ಕನ ಮನೆಯ ಮಣ್ಣುದಾರಿಗೆ ತಿರುಗುವಲ್ಲಿ ಬಸ್ಸು ನಿಂತಿತು. ಚಕ್ರದ ಜಾಡುಗಳ ನಡುವಿನ ದಿಣ್ಣೆಯ ಮೇಲೆ ಕೂಪೆ ಹೊಟ್ಟೆ ಊರಿ ಕುಳಿತಿತ್ತು. ಮುಂದೆಯೂ ಹೋಗದು, ಹಿಂದೆಯೂ ಬರದು. ನೆಂಟರೆಲ್ಲ ಇಳಿದರು. ಗಂಡಸರು ರೇಷ್ಮೆ ಪಂಚೆ ಎತ್ತಿ ಕಟ್ಟಿದರು. ಕೂಸಪ್ಪ ಮೊದಲಿಗನಾಗಿ ಬಂದು ಹಿಂದಿನ ಬಂಪರಿಗೆ ಭುಜ ಕೊಟ್ಟ. ಶೆಟ್ಟರೂ ಅವನ ಪಕ್ಕದಲ್ಲೇ ನಿಂತು ತಳ್ಳಿದರು. ಕೆಳಗೆ ಕಲ್ಲು ಕಿರ್ರೆಂದು ಗೀರಿದಾಗ ಅವರ ಹಲ್ಲು ಜುಮ್ಮೆಂದಿತು. ಕಾರು ದಿಣ್ಣೆ ದಾಟಿತು.

"ಭಾರ ಇಲ್ಲ, ಒಳ್ಳೆ ಕಾರು" ಎಂದ ಕೂಸಪ್ಪ, ಕೈ ಒರೆಸಿಕೊಳ್ಳುತ್ತ.

ಬಸ್ಸಿಗೆ ಮರಳಿದಾಗ ಅಳದಂಗಡಿಯ ಚಿಕ್ಕಮ್ಮ ಪಕ್ಕಕ್ಕೆ ಬಂದು ಕುಳಿತರು. "ಸಂಕಪ್ಪ, ಬರುವ ತಿಂಗಳು ನಮ್ಮ ಪ್ರಾಪ್ತಿಯ ಮದುವೆ. ನಿನ್ನ ಕಾರು ಉಂಟು ಅಂತ ಹುಡುಗನ ಕಡೆಯವರಿಗೆ ಹೇಳಿ ಆಗಿದೆ."

"ಹುಡುಗನಿಗೆ ಡ್ರೈವಿಂಗ್ ಬರ್ತದಾ ಚಿಕ್ಕಮ್ಮ?" ಶೆಟ್ಟರ ದನಿಯಲ್ಲಿ ಸಣ್ಣ ಆಸೆಯಿತ್ತು.

"ಅವನಿಗೆ ಬರುದಿಲ್ಲ. ಪ್ರಾಪ್ತಿಗೆ ಬರ್ತದೆ."

ಶೆಟ್ಟರು ನಕ್ಕರು, ಆಗಲಿ ಎಂದರು. ಮದುವೆಗಳ ಕಾಲ ಮುಗಿಯುವವರೆಗೂ ಆ ಕೆಂಪು ಕಾರು ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಒಂದಲ್ಲ ಒಂದು ಮದುವೆ ಹಾಲ್‌ನ ಮುಂದೆ ಹೂ ಮುಡಿದು ನಿಂತಿತು. ಶೆಟ್ಟರಿಗೆ ದಿಬ್ಬಣದ ಬಸ್ಸಿನ ಡ್ರೈವರುಗಳೆಲ್ಲ ಪರಿಚಯವಾದರು. ಈಗ ಅವರು ಹತ್ತಿದರೆ ಕಿಟಕಿ ಪಕ್ಕದ ಸೀಟನ್ನು ಯಾರಾದರೂ ಬಿಟ್ಟುಕೊಡುತ್ತಾರೆ.