ಕೊನೆಯ ಬೆಂಚಿನ ಮೇಷ್ಟ್ರು

ಡಿಗ್ರಿ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಪರಮ ಸೋಮಾರಿ. ಪಾಠವನ್ನೆಲ್ಲ ವಿದ್ಯಾರ್ಥಿಗಳ ತಲೆಗೆ ಕಟ್ಟಿ, ತಾವು ಕೊನೆಯ ಬೆಂಚಿನಲ್ಲಿ ಕಾಲು ಚಾಚಿ ಕೂತು, "ಹಾಂ, ಆಮೇಲೆ? ನಂಗರ್ಥ ಆಗ್ಲಿಲ್ಲಪ್ಪ!" ಎಂದು ಬೆಂಚು ಗುದ್ದುತ್ತಾರೆ. ಒಬ್ಬ ಕುರ್ಚಿ ಹತ್ತಿ ಚೆಂಡು ಬೀಳಿಸಿದರೆ ಇಡೀ ತರಗತಿ ಅದು ಬಿದ್ದ ರೀತಿಯ ಬಗ್ಗೆ ಜಗಳವಾಡುತ್ತದೆ. "ಸಂಬಳ ನಿಮಗೆ, ಗಂಟಲು ನಮ್ಮದಾ ಸಾರ್?" ಎಂದರೆ, "ಬುದ್ಧಿನೂ ನಿಮಗೇ ಬರುತ್ತಲ್ಲಯ್ಯ!" ಎಂದು ನಗುತ್ತಾರೆ. ಮೊನ್ನೆ ಪಾಠದ ಸರದಿ ತೊದಲುವ ಒಬ್ಬ ಹುಡುಗಿಯದು. ಮಾತು ಹೊರಡದಿದ್ದರೆ ಕಾಲೇಜೇ ಬಿಡುವುದೆಂದು ನಿಶ್ಚಯಿಸಿ ಬಂದಿದ್ದಳು. ಮೊದಲ ಪದಕ್ಕೇ ನಾಲಿಗೆ ನಿಂತಿತು. ಮೇಷ್ಟ್ರು ಎದ್ದು ಬಂದು, ಹಲಗೆಯ ಮೇಲೆ ಬೀಳುವ ಚೆಂಡು ಬರೆದು, ಭೂಮಿಯ ಸೆಳೆತದ ಬಾಣವನ್ನು ಮೇಲಕ್ಕೆ ಎಳೆದು, "ಹೀಗೇ ಅಲ್ವೇನಮ್ಮ?" ಎಂದರು. "ಅ-ಅಯ್ಯೋ ಸಾರ್, ತ-ತಪ್ಪು! ಕೆಳಕ್ಕೆ! ಸ್ಕೂಲ್ ಮಕ್ಕಳಿಗೂ ಗೊತ್ತು!" ಅವಳು ಸೀಮೆಸುಣ್ಣ ಕಿತ್ತುಕೊಂಡು ತೊದಲುತ್ತಲೇ ಪಾಠ ಶುರುಮಾಡಿದಳು, ಗಂಟೆ ಹೊಡೆದರೂ ನಿಲ್ಲಿಸಲಿಲ್ಲ. ಅಷ್ಟು ಹೊತ್ತೂ ಮೇಷ್ಟ್ರು ತಮ್ಮ ಕಿವಿ ತಾವೇ ಹಿಡಿದುಕೊಂಡು ನಿಂತೇ ಇದ್ದರು.