ಎಲ್ಲಾ ನಾರ್ಮಲ್ ಅದಂತ ಹೇಳಿದವನು ನಾನೇ

ಡಾಕ್ಟರು ಹೇಳಿದ್ದನ್ನು ನಾನು ನನ್ನ ಹೆಂಡತಿಗೆ ಹೇಳಲಿಲ್ಲ. ಹೇಳಲಿಲ್ಲ ಎಂದರೂ ಅದು ಅರ್ಧ ಸುಳ್ಳೇ — ಅವರು ಹೇಳಿದ್ದಕ್ಕೆ ತದ್ವಿರುದ್ಧವಾದುದನ್ನು ಹೇಳಿದೆ. ಡೊಂಬಿವಲಿಯ ಸಭೆಯಲ್ಲಿ ನನ್ನ ಭಾಷಣಕ್ಕೆ ಚಪ್ಪಾಳೆ ತಟ್ಟಿದವರು, ಆಮೇಲೆ ಬಂದು ಕೈ ಹಿಡಿದು ಕಣ್ಣೊರೆಸಿಕೊಂಡವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕು.

ನಾವು ಬಾಗಲಕೋಟೆ ಕಡೆಯವರು. ಮುಂಬಯಿ ಪಕ್ಕದ ತುರ್ಭೆಯ ಕಾರ್ಖಾನೆಯೊಂದರ ಆಫೀಸಿನಲ್ಲಿ ನನ್ನ ನೌಕರಿ, ಡೊಂಬಿವಲಿಯಲ್ಲಿ ಸಣ್ಣ ಫ್ಲ್ಯಾಟು. ನನ್ನ ಸಂಬಳ ಕಾರ್ಮಿಕರ ಸರಕಾರಿ ವಿಮೆಗೆ ತುಸು ಹೆಚ್ಚು, ಖಾಸಗಿ ವಿಮೆಗೆ ಬಹಳ ಕಡಿಮೆ. ಹಾಗಿರುವಾಗ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ತಲೆಗೆ ಪೆಟ್ಟು. ಮಾಜಿವಾಡಾದ ಹತ್ತಿರದ ಖಾಸಗಿ ಆಸ್ಪತ್ರೆಗೆ ಒಯ್ದೆವು. ದಿನಾ ಬೆಳಿಗ್ಗೆ ಐಸಿಯು ಬಾಗಿಲು ತೆರೆಯುವ ಮೊದಲೇ ಕೌಂಟರಿನಿಂದ ಕೂಗು: ‘ಸಾಹೇಬ್, ಡಿಪಾಝಿಟ್ ಭರಾ’ — ಮುಂಗಡ ಕಟ್ಟಿ ಎಂದು. ಬ್ಯಾಂಕಿನ ಸಾಲ, ಸಹಕಾರಿ ಸೊಸೈಟಿಯ ಸಾಲ, ಕೊನೆಗೆ ಹೆಂಡತಿ ಗಿರಿಜಾಳ ಚಿನ್ನದ ಬಳೆ. ಅವನ್ನು ಅವಳೇ ಬಿಚ್ಚಿ ಕೊಟ್ಟಳು. ಅವ್ವ ಹೋದಳು, ಸಾಲ ಉಳಿಯಿತು.

ಮರುವರ್ಷ ನಮ್ಮ ಕನ್ನಡ ಸಂಘದವರು ಹೆಂಗಸರಿಗೆ ಉಚಿತ ತಪಾಸಣಾ ಶಿಬಿರ ಇಟ್ಟಿದ್ದರು. ಗಿರಿಜಾ ಪಕ್ಕದ ಮನೆಯವರ ಜತೆ ಹೋದಳು. ಫೋನ್ ನಂಬರು ಕೇಳಿದಾಗ ನನ್ನದನ್ನು ಕೊಟ್ಟಳು. ಎರಡು ದಿನ ಬಿಟ್ಟು, ನಾನು ತುರ್ಭೆ ಸ್ಟೇಶನ್ನಿನಲ್ಲಿ ಗಾಡಿಗೆ ಕಾಯುತ್ತಿದ್ದಾಗ, ಕರೆ ಬಂತು. ಶಿಬಿರದ ಡಾಕ್ಟರು — ಮಂಗಳೂರು ಕಡೆಯ ಮನೆತನದ, ಇಲ್ಲಿಯೇ ಹುಟ್ಟಿ ಬೆಳೆದ, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ.

‘ಸಾರ್, ಹೆದರ್ಬೇಡಿ. ಆದ್ರೆ ತಡ ಮಾಡ್ಲಿಕ್ಕೆ ಹೋಗ್ಬೇಡಿ. ನಿಮ್ಮ ಹೆಂಡತಿಗೆ ಎದೆಯ ಎಡಗಡೆ ಒಂದು ಗಂಟು ಸಿಕ್ಕಿದೆ. ಇದೇ ವಾರ ಮ್ಯಾಮೋಗ್ರಾಮ್ ಮಾಡಿಸಿ.’

ನಾನು ಕೇಳಿದ್ದು ಒಂದೇ — ಖರ್ಚೆಷ್ಟು?

‘ದುಡ್ಡಿನ ತೊಂದ್ರೆ ಉಂಟಾದ್ರೆ ಮುಂಬಯಿಯ ಸರಕಾರಿ ಆಸ್ಪತ್ರೆಗೆ ನಾನೇ ಚೀಟಿ ಬರ್ದು ಕೊಡ್ತೇನೆ. ಸಾಲು ಉದ್ದ ಇರ್ತದೆ, ಅಷ್ಟೇ.’

ದಾರಿ ತೋರಿಸಿದ್ದರು ಅವರು. ಇದನ್ನು ನಾನು ಯಾವ ಭಾಷಣದಲ್ಲೂ ಹೇಳಿಲ್ಲ. ಮತ್ತೆ ಯಾಕೆ ಹೋಗಲಿಲ್ಲ ಎಂದರೆ — ಸ್ಟೇಶನ್ನಿನ ಆ ಗದ್ದಲದಲ್ಲಿ ನಿಂತು ನನಗೆ ಕಂಡದ್ದು ಗಿರಿಜಾಳ ಮುಖವಲ್ಲ, ಅವ್ವನ ಆಸ್ಪತ್ರೆಯ ಆ ಕೌಂಟರು. ಒಂದು ಪರೀಕ್ಷೆ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ದೀಪಾವಳಿಗೆ ಬೋನಸ್ ಬರಲಿ, ಒಂದು ಸಾಲವಾದರೂ ತೀರಲಿ, ಗಂಟು ಎಂದರೆಲ್ಲ ಕ್ಯಾನ್ಸರೇ ಆಗಿರುತ್ತದೆಯೇ... ಹೀಗೆ ನನ್ನಷ್ಟಕ್ಕೆ ನಾನೇ ಮಾತಾಡಿಕೊಳ್ಳುತ್ತ ಮನೆಗೆ ಬಂದೆ.

ಗಿರಿಜಾ ರೊಟ್ಟಿ ಬಡಿಯುತ್ತಿದ್ದಳು. ‘ಕ್ಯಾಂಪಿನವ್ರು ಫೋನ್ ಮಾಡಿದ್ರೇನ್ರಿ?’

‘ಮಾಡಿದ್ರು. ಎಲ್ಲಾ ನಾರ್ಮಲ್ ಅದಂತ.’

ಅವಳು ಹಿಟ್ಟಿನ ಕೈಯಲ್ಲೇ ದೇವರ ಕಡೆ ಕೈಮುಗಿದಳು. ಅಂದರೆ ಆ ಎರಡು ದಿನ ಅವಳೂ ಹೆದರಿದ್ದಳು, ನನಗೆ ಗೊತ್ತಾಗಗೊಟ್ಟಿರಲಿಲ್ಲ. ಅವತ್ತು ಶ್ಯಾವಿಗೆ ಪಾಯಸ ಮಾಡಿದಳು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.

ಅಲ್ಲಿಗೆ ಮುಗಿದಿದ್ದರೆ ಒಂದು ಸುಳ್ಳು ಎನ್ನಬಹುದಿತ್ತು. ದೀಪಾವಳಿ ಬಂತು, ಬೋನಸ್ ಬಂದು ಹೋಯಿತು. ‘ಯಾಕೋ ಎಡಗೈ ಭಾಳ ಸೆಳೀತೈತ್ರಿ’ ಎಂದಳು ಒಮ್ಮೆ. ‘ನಾರ್ಮಲ್ ಅಂದಾರಲ್ಲ, ಸುಮ್ನ ಯಾಕ ತಲಿ ಕೆಡಿಸ್ಕೋತಿ?’ ಎಂದೆ. ಅವಳು ನಂಬಿದ್ದು ಡಾಕ್ಟರನ್ನು. ನಾನು ಡಾಕ್ಟರ ಹೆಸರಿನಲ್ಲಿ ಅವಳ ಬಾಯಿ ಮುಚ್ಚಿಸುತ್ತಿದ್ದೆ. ಬೇಸಿಗೆಯ ಹೊತ್ತಿಗೆ ಅವಳ ಎದೆಯ ಚರ್ಮ ಒಳಕ್ಕೆ ಸೆಳೆದುಕೊಂಡಿತ್ತು. ಆಗ ಓಡಿದೆ — ಆ ಉದ್ದ ಸಾಲಿನ ಆಸ್ಪತ್ರೆಗೇ.

ಕ್ಯಾನ್ಸರೇ ಆಗಿತ್ತು. ಮೊದಲೇ ಬಂದಿದ್ದರೆ ಗಂಟನ್ನಷ್ಟೇ ತೆಗೆಯಬಹುದಿತ್ತು ಎಂದರು. ಈಗ ಎಡ ಸ್ತನವನ್ನೇ ತೆಗೆಯಬೇಕಾಯಿತು. ಕೂದಲು ಹೋಯಿತು, ಕೈ ಬಾತುಕೊಂಡಿತು. ಆಪರೇಶನ್ನು ಸರಕಾರಿ ಯೋಜನೆಯಲ್ಲಿ ಆಯಿತು. ಸ್ಕ್ಯಾನು, ಔಷಧಿ, ಟ್ಯಾಕ್ಸಿ, ನನ್ನ ಬಿನ್‌ಪಗಾರಿ, ಅಂದರೆ ಸಂಬಳವಿಲ್ಲದ, ರಜೆ — ಅವು ಯಾವ ಯೋಜನೆಯಲ್ಲೂ ಇಲ್ಲ. ಮತ್ತೆ ಸಾಲ. ಜೀವ ಉಳಿದಿದೆ. ಎಷ್ಟು ದಿನಕ್ಕೆ ಎಂದು ಯಾರೂ ಹೇಳುವುದಿಲ್ಲ.

ಗಿರಿಜಾ ಬೈದದ್ದು ಶಿಬಿರದ ಆ ಡಾಕ್ಟರನ್ನು. ಅವಳ ತಮ್ಮ ಮಲ್ಲು ಅವರ ಕ್ಲಿನಿಕ್ಕಿಗೇ ಹೋಗಿ, ರೋಗಿಗಳ ಮುಂದೆ ಕೂಗಾಡಿ ಬಂದ. ಸಂಘದವರು ಅವರನ್ನು ಶಿಬಿರಕ್ಕೆ ಕರೆಯುವುದನ್ನು ಬಿಟ್ಟರು. ಆ ಡಾಕ್ಟರು ನನಗೊಮ್ಮೆ ಫೋನ್ ಮಾಡಿದರು. ‘ಸಾರ್, ನಾನು ನಿಮಗೆ ಹೇಳಿದ್ದೆ. ನೆನಪುಂಟಲ್ಲ?’ ಆಫೀಸಿನಲ್ಲಿ ಒಬ್ಬನೇ ಇದ್ದೆ, ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ‘ಗಾಡಿಯೊಳಗ ಇದೀನಿ, ಏನೂ ಕೇಳ್ಸವಲ್ದು’ ಎಂದು ಇಟ್ಟುಬಿಟ್ಟೆ.

ಆಮೇಲೆ ನಾನು ಭಾಷಣಕಾರನಾದೆ. ಡೊಂಬಿವಲಿಗೆ ಪೂರ್ಣ ಪ್ರಮಾಣದ ಸಾರ್ವಜನಿಕ ಆಸ್ಪತ್ರೆ ಬೇಕೆಂದು ಸಹಿ ಸಂಗ್ರಹ ನಡೆದಿತ್ತು. ನಮ್ಮ ಮನೆಯ ಕತೆ ಹೇಳಲು ಕರೆದರು. ರಸ್ತೆಯ ದೀಪದ ಕೆಳಗೆ ನಡೆಯುವವನನ್ನು ದುಡ್ಡೆಷ್ಟಿದೆ ಎಂದು ಯಾರೂ ಕೇಳುವುದಿಲ್ಲ, ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ಯಾಕೆ ಕೇಳಬೇಕು — ಎಂದೆ. ಚಿಕಿತ್ಸೆ ಎಲ್ಲರ ಹಕ್ಕು, ಭಿಕ್ಷೆಯಲ್ಲ ಎಂದೆ. ಇವತ್ತೂ ಆ ಮಾತುಗಳನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಆ ಕೌಂಟರು ಇಲ್ಲದ ಊರಿನಲ್ಲಿ ನನಗೆ ಆ ಭಯ ಹುಟ್ಟುತ್ತಿರಲಿಲ್ಲವೇನೋ. ಆದರೆ ನನ್ನಷ್ಟೇ ಸಾಲವಿದ್ದವರು ನಮ್ಮ ಬಿಲ್ಡಿಂಗಿನಲ್ಲೇ ಎಷ್ಟೋ ಮಂದಿ ಇದ್ದಾರೆ. ಅವರು ತಮ್ಮ ಹೆಂಡಿರಿಗೆ ಸುಳ್ಳು ಹೇಳಿಲ್ಲ.

ಕಳೆದ ಭಾನುವಾರ ಡೊಂಬಿವಲಿಯಲ್ಲಿ ನನ್ನ ಭಾಷಣ ಮುಗಿಯುತ್ತಿದ್ದಂತೆ ಗಿರಿಜಾ ತಾನಾಗಿ ಎದ್ದು ನಿಂತಳು. ‘ದವಾಖಾನಿ ಕಟ್ಟಿದ್ರ ಸಾಲದ್ರೀ, ಖರೇ ಹೇಳೋ ಡಾಕ್ಟರ್ ಬೇಕು. ನಂಗ ಎಲ್ಲಾ ನಾರ್ಮಲ್ ಅಂತ ಸುಳ್ಳ ಹೇಳಿದ್ರು’ ಎಂದಳು. ಹಿಂದಿನ ಸಾಲಿನಲ್ಲಿ ಆ ಡಾಕ್ಟರು ಕೂತಿದ್ದರು, ಸಹಿ ಹಾಕಲು ಬಂದವರು. ಅವರು ಗಿರಿಜಾಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಕಾದರು. ನಾನು ಲೋಟ ಎತ್ತಿ ನೀರು ಕುಡಿದೆ. ಅವರು ಎದ್ದು, ಬಾಗಿಲ ಬಳಿ ಸಹಿ ಹಾಕಿ, ಹೋದರು.

ಆ ಸಹಿ — ಅದನ್ನು ಕಂಡ ಮೇಲೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮರುದಿನ ರಜೆ ಹಾಕಿದೆ. ಗಿರಿಜಾ ಕೊತ್ತಂಬರಿ ಸೋಸುತ್ತ ಕೂತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ, ಪಾಯಸದ ವರೆಗೆ.

ಅವಳು ಅಳಲಿಲ್ಲ, ಬೈಯಲಿಲ್ಲ. ಕೊತ್ತಂಬರಿಯನ್ನು ಬದಿಗಿಟ್ಟು, ‘ಆ ಹುಡುಗಿಗೆ ಫೋನ್ ಹಚ್ಚಿ ಕೊಡ್ರಿ’ ಎಂದಳು. ಕೊಟ್ಟೆ. ‘ತಂಗೀ, ನಿಂಗ ನಾ ಭಾಳ ಅಂದೀನವಾ. ನನ್ನಿಂದ ತಪ್ಪಾತು’ ಎಂದಳು. ತಪ್ಪು ಯಾರದೋ, ಕ್ಷಮೆ ಕೇಳಿದವಳು ಅವಳು. ನಾನು ಅಲ್ಲೇ ನಿಂತಿದ್ದೆ. ಬಳಿಕ ಫೋನನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ಡಾಕ್ಟರಿಗೆ ನಾನು ಏನು ಹೇಳಿದೆನೋ ನೆನಪಿಲ್ಲ. ಅವರು ‘ಹ್ಞಾಂ’ ಎಂದಷ್ಟೇ ಹೇಳಿ ಇಟ್ಟರು.

ನನ್ನನ್ನು ಕ್ಷಮಿಸಿದೆಯಾ ಎಂದು ಗಿರಿಜಾಳನ್ನು ಕೇಳಿಲ್ಲ. ಕೇಳುವುದೂ ಇಲ್ಲ.

ಬರುವ ಭಾನುವಾರ ವಿಠ್ಠಲವಾಡಿಯಲ್ಲಿ ಮತ್ತೊಂದು ಸಭೆಯಿದೆ. ಮಾತಾಡಲು ನನ್ನನ್ನೇ ಕರೆದಿದ್ದಾರೆ. ಒಪ್ಪಿಕೊಂಡಿದ್ದೇನೆ. ಆಸ್ಪತ್ರೆ ಬೇಕು ಎನ್ನುವುದಕ್ಕಿಂತ ಮೊದಲು ಇದನ್ನು ಹೇಳುತ್ತೇನೆ. ಬರುತ್ತೀಯಾ ಎಂದು ಗಿರಿಜಾಳನ್ನು ಕೇಳಿದೆ.

‘ನಾ ಬರೂದಿಲ್ಲ’ ಎಂದಳು. ‘ನೀವು ಹೋಗ್ರಿ. ನನ್ನ ಸುದ್ದಿ ಆಮ್ಯಾಲ ಹೇಳೀರಂತ. ಮೊದಲ ಆ ಹುಡುಗಿ ಹೆಸರು ಹೇಳ್ರಿ, ಆಕಿ ಖರೇನ ಹೇಳಿದ್ಲು ಅಂತ ಹೇಳ್ರಿ.’