ಭತ್ತದ ಎಲೆಯ ಪುಡಿ

ಬಳ್ಳಾರಿಯ ಭತ್ತದ ಸಂಶೋಧನೆಯ ಲ್ಯಾಬಿಗೆ ಮೊದಲು ಸೇರಿದವಳು ನಾನು. ಕುರುಗೋಡಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದೆ. ಸಿರುಗುಪ್ಪದ ಹುಡುಗಿಯೊಬ್ಬಳು ಆಮೇಲೆ ಬಂದಳು. ಗಾಂಧಿನಗರದಲ್ಲಿ ರೂಮು ಹಿಡಿದು, ಕೆಲವೇ ದಿನಗಳಲ್ಲಿ ವಾಚ್‌ಮನ್‌ನಿಂದ ಲ್ಯಾಬಿನ ಮುಖ್ಯಸ್ಥೆ ಮೇಡಂವರೆಗೆ ಎಲ್ಲರಿಗೂ ಬೇಕಾದವಳಾದಳು.

ಉಪ್ಪೇರಿದ ಸವುಳು ನೆಲದ ಭತ್ತದ ಎಲೆಯಿಂದ ಪ್ರೋಟೀನು ತೆಗೆದು ಹೈದರಾಬಾದಿನ ಮಾಸ್ ಸ್ಪೆಕ್ಟ್ರೋಮೀಟರಿಗೆ ಕಳಿಸುವುದು ನಮ್ಮ ಕೆಲಸ. ಆ ಯಂತ್ರ ಪ್ರೋಟೀನಿನ ಚೂರುಗಳನ್ನು ತೂಗಿ ಯಾವುದು ಯಾವುದೆಂದು ಗುರುತು ಹಿಡಿಯುತ್ತದೆ. ಎಲೆ ಕಿತ್ತ ಕೂಡಲೇ ದ್ರವ ನೈಟ್ರೋಜನ್ನಿನಲ್ಲಿ ಮುಳುಗಿಸಿ ಹೆಪ್ಪುಗಟ್ಟಿಸಬೇಕು; ಪುಡಿಯಾಗುವವರೆಗೂ ಅದು ಕರಗಕೂಡದು. ಪಿಂಗಾಣಿ ಕಲ್ಬತ್ತಿಗೆ ನೈಟ್ರೋಜನ್ ಸುರಿಯುತ್ತ, ಬಿಳಿ ಹೊಗೆಯೊಳಗೆ ಅರೆಯಬೇಕು. ಬಳ್ಳಾರಿಯ ಸೆಕೆಯಲ್ಲಿ ತುಸು ಮೈಮರೆತರೂ ಪುಡಿ ಹೋಗಿ ಹಸಿರು ಚಟ್ನಿಯಾಗುತ್ತದೆ.

ನನ್ನದು ಒಮ್ಮೊಮ್ಮೆ ಚಟ್ನಿಯಾಗುತ್ತಿತ್ತು. ಅವಳದು ಆಗುತ್ತಲೇ ಇರಲಿಲ್ಲ. ಒಂದು ದಿನ ಮೇಡಂ ಅವಳ ಕಲ್ಬತ್ತಿನೊಳಗೆ ಇಣುಕಿ ನನ್ನನ್ನು ಕರೆದರು.

“ಇಲ್ಲಿ ಬಂದು ನೋಡ್ರಿ. ಪುಡಿ ಅಂದ್ರ ಹಿಂಗಿರಬೇಕು.” ಅವಳತ್ತ ತಿರುಗಿ, “ಎಲ್ಲಿ ಕಲತೀಲೇ ಇದನ್ನ?” ಎಂದರು.

ನನ್ನನ್ನು ಪುಡಿಗಿಂತ ಹೆಚ್ಚು ಚುಚ್ಚಿದ್ದು ಆ ಮಾತಿನ ರೀತಿ. ಇಷ್ಟು ಕಾಲ ಜೊತೆಗಿದ್ದ ನನಗೆ ‘ರಿ’, ನಿನ್ನೆ ಮೊನ್ನೆ ಬಂದವಳಿಗೆ ‘ಲೇ’. ಆ ಸಲಿಗೆ ನನಗೆ ಯಾಕಿಲ್ಲ? ಅಂದಿನಿಂದ ಹಟ ಹಿಡಿದು ಅರೆದೆ. ರಟ್ಟೆ ನೋಯುವವರೆಗೂ ಅರೆದೆ. ಚಟ್ನಿಯಾಗುವುದು ನಿಂತಿತು; ಯಾರೂ ಬಂದು ಇಣುಕಲಿಲ್ಲ.

ಮಾದರಿಗಳು ಹೈದರಾಬಾದಿಗೆ ಹೋದವು, ವರದಿ ಬಂತು. ನನ್ನವು ಶುದ್ಧ. ಅವಳವುಗಳ ತುಂಬ ಮನುಷ್ಯರ ಚರ್ಮ, ಕೂದಲಿನ ಪ್ರೋಟೀನು. ಗ್ಲೌಸ್ ಹಾಕಿದ ಕೈಯಲ್ಲೇ ಮುಂಗುರುಳು ಸರಿಸಿಕೊಳ್ಳುತ್ತಿದ್ದಳಂತೆ, ತಾನೇ ಹೇಳಿದಳು. ಇವತ್ತು ಬೈಗುಳ ತಪ್ಪಿದ್ದಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಮೇಡಂ ಬಿದ್ದು ಬಿದ್ದು ನಕ್ಕರು. “ಭತ್ತದಾಗ ನಿನ್ನ ಕೂದಲಾ ಸಿಕ್ಕಾವಲ್ಲೇ! ಹೋಗಲಿ ಬಿಡು, ಮತ್ತೊಮ್ಮೆ ಮಾಡು.” ಆಮೇಲೆ ನನಗೆ, “ಈಕಿ ಜೋಡಿ ಸಿರುಗುಪ್ಪಕ್ಕ ಹೋಗಿ ಎಲಿ ತಗೊಂಡು ಬರ್ರಿ” ಎಂದರು. ನನ್ನ ಶುದ್ಧ ಮಾದರಿಗಳ ಮಾತೇ ಬರಲಿಲ್ಲ.

ನೈಟ್ರೋಜನ್ ಕ್ಯಾನು ಇಟ್ಟುಕೊಂಡು ಜೀಪಿನಲ್ಲಿ ಹೋದೆವು. ಗದ್ದೆಯ ಬದುವಿನ ಮೇಲಿದ್ದ ಮುದುಕರೊಬ್ಬರು ಕ್ಯಾನು ನೋಡಿ, “ಎಮ್ಮಿಗೆ ಸೂಜಿ ಮಾಡಾಕ ಬಂದೀರೇನವಾ?” ಎಂದರು. ಎಮ್ಮೆಗಳಿಗೆ ಗರ್ಭ ಕಟ್ಟಿಸುವ ಸೂಜಿಯವರು ತರುವುದೂ ಇಂಥದೇ ಕ್ಯಾನು. ಅವಳು ನಗುತ್ತಲೇ ಎಲೆ ಕತ್ತರಿಸಿ ಕೊಟ್ಟಳು, ನಾನು ಹೊಗೆಯೊಳಗೆ ಮುಳುಗಿಸುತ್ತ ಹೋದೆ.

ಮಧ್ಯಾಹ್ನ ಅವಳ ಮನೆಯಲ್ಲಿ ಊಟ. ಅವಳು ಕೈ ತೊಳೆಯಲು ಹಿತ್ತಲಿಗೆ ಹೋದಾಗ, ಅವಳ ತಾಯಿ ನನಗೆ ರೊಟ್ಟಿ ಬಡಿಸುತ್ತ ಕೇಳಿದರು: “ನೀವೂ ಅಲ್ಲೇ ಕೆಲಸ ಮಾಡ್ತೀರೇನ್ರೀ? ನಮ್ಮಾಕಿ ಮೇಡಮ್ಮೋರ ಸುದ್ದಿ ಹೇಳ್ತಿರ್ತಾಳ. ನಿಮ್ಮ ಸುದ್ದಿ ಹೇಳೇ ಇಲ್ಲ ನೋಡ್ರಿ.”

ಊಟ, ನಿದ್ದೆ, ಬಸ್ಸಿನ ದಾರಿ ಎಲ್ಲದರಲ್ಲೂ ನಾನು ಇವಳನ್ನೇ ಹೊತ್ತು ತಿರುಗಿದ್ದೆ. ಇವಳ ಮನೆಯಲ್ಲಿ ನಾನು ಇರಲೇ ಇಲ್ಲ. ನನ್ನ ಬಗ್ಗೆ ಕೆಟ್ಟದ್ದಾದರೂ ಹೇಳಿರಬಾರದಿತ್ತೇ ಅನ್ನಿಸಿತು.

ಎರಡನೆಯ ಸಲ ಅವಳ ಮಾದರಿಗಳೂ ಶುದ್ಧವಾಗಿ ಬಂದವು. ಯಂತ್ರದ ಕೆಲಸ ಕಲಿಯಲು ಒಬ್ಬರು ಹೈದರಾಬಾದಿಗೆ ಹೋಗಬೇಕಾಗಿ ಬಂದಾಗ ಮೇಡಂ ಅವಳನ್ನೇ ಕಳಿಸಿದರು. “ಇಲ್ಲಿ ನೀವಿಲ್ಲದಿದ್ರ ನಡಿಯಂಗಿಲ್ಲರಿ” ಎಂದು ನನಗೆ ಹೇಳಿದರು. ಅದನ್ನು ಹೊಗಳಿಕೆ ಎಂದುಕೊಳ್ಳಲು ತುಂಬ ಪ್ರಯತ್ನಪಟ್ಟೆ.

ಈಗ ಮಾದರಿಗಳು ಕರಗದಂತೆ ಡ್ರೈ ಐಸ್ ತುಂಬಿ ಪೆಟ್ಟಿಗೆ ಕಟ್ಟುವವಳು ನಾನು, ಅಲ್ಲಿ ಬಿಚ್ಚುವವಳು ಅವಳು. “ಅಕ್ಕಾ, ಭಾಳ ಛಲೋ ಅದಾವ” ಎಂದು ಫೋನ್ ಮಾಡುತ್ತಾಳೆ. ಕೆಲಸ ಬಲ್ಲವರ ಬಾಯಿಂದ ಬಂದ ಮಾತು, ಖುಷಿಯಾಗುತ್ತದೆ. ಫೋನಿಟ್ಟ ಮೇಲೆ, ಛಲೋ ಎಂದು ಹೇಳುವ ಜಾಗದಲ್ಲಿ ಅವಳು, ಕೇಳುವ ಜಾಗದಲ್ಲಿ ನಾನು ಎನ್ನುವುದು ನೆನಪಾಗಿ ಉರಿಯುತ್ತದೆ.